ಕಚ್ಚುವುದು ಬೂಟೋ, ಕಾಲುಚೀಲವೋ?

ಹೊಸ ಚಪ್ಪಲಿ ಕಚ್ಚುತ್ತದೆ, ಹೊಸ ಬೂಟು ಕಚ್ಚುತ್ತದೆ ಎನ್ನುವುದು ನಮ್ಮಲ್ಲಿ ಮನೆಮನೆಯ ಮಾತು. ಹಲ್ಲಿಲ್ಲದ ಬೂಟು ಕಚ್ಚುವುದಾದರೂ ಹೇಗೆ? ಹಿಮ್ಮಡಿಯ ಮೇಲೋ ಹೆಬ್ಬೆರಳಿನ ಬುಡದಲ್ಲೋ ನೀರು ತುಂಬಿದ ಗುಳ್ಳೆಯೊಂದು ಏಳುತ್ತದೆ. ಅದನ್ನೇ ಬೊಬ್ಬೆ ಎನ್ನುತ್ತೇವೆ. ಕೂಡಲೇ ಬೂಟನ್ನು ಬೈಯುತ್ತೇವೆ, ಬೂಟು ಮಾರಿದ ಅಂಗಡಿಯವರನ್ನೂ ಬೈಯುತ್ತೇವೆ. ಬೂಟಿಗೂ ಕಾಲಿಗೂ ನಡುವೆ ಸದ್ದಿಲ್ಲದೆ ಕುಳಿತಿರುವ ಕಾಲುಚೀಲವನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಈ ವಾರ ಅದನ್ನೇ ವಿಚಾರಿಸೋಣ.

ಇದು ಸಣ್ಣ ವಿಷಯವೆಂದು ಪುಟ ತಿರುಗಿಸಬೇಡಿ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ಬೆಳಗಿನ ಜಾವ ಮೈದಾನದ ಕಡೆ ಹೋಗಿ ನೋಡಿ. ಶಾಲಾ ಕ್ರೀಡಾಕೂಟಕ್ಕೆ ತಯಾರಾಗುವ ಮಕ್ಕಳ ಜೊತೆಗೆ ಪೊಲೀಸ್ ಕೆಲಸಕ್ಕೆ, ಸೈನ್ಯಕ್ಕೆ ಸೇರಬೇಕೆಂದು ಓಡುವ ಹುಡುಗ ಹುಡುಗಿಯರೂ ಕಾಣುತ್ತಾರೆ. ನಮ್ಮ ರಾಜ್ಯದ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಇದರ ಜೊತೆಗೆ ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಗುಂಡು ಎಸೆತ. ಸೈನ್ಯದ ಅಗ್ನಿವೀರ ಪರೀಕ್ಷೆಯಲ್ಲಿ 1.6 ಕಿಲೋಮೀಟರ್ ಓಟ, ಕಂಬಿಗೆ ಜೋತುಬಿದ್ದು ಮೈ ಮೇಲೆತ್ತುವುದು, 9 ಅಡಿ ಹಳ್ಳ ಹಾರುವುದು, ಅಂಕುಡೊಂಕಾದ ತೊಲೆಯ ಮೇಲೆ ಬೀಳದೆ ನಡೆಯುವುದು, ಎಲ್ಲವೂ ಉಂಟು.

ಓಟ ಮತ್ತು ಕಸುವಿನ ಕೆಲಸ ಎರಡನ್ನೂ ಬೆರೆಸಿದ ಇಂಥ ಸ್ಪರ್ಧೆಗಳು ಈಗ ಪಟ್ಟಣಗಳಲ್ಲಿ ಹಣ ಕೊಟ್ಟು ಸೇರುವ ಕ್ರೀಡೆಯೂ ಆಗಿವೆ. 2017ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಆರಂಭವಾದ ‘ಹೈರಾಕ್ಸ್’ ಎಂಬ ಸ್ಪರ್ಧೆ 2025ರಲ್ಲಿ ಮುಂಬೈಗೂ ಬಂದಿತು. ಅದರಲ್ಲಿ ಒಂದು ಕಿಲೋಮೀಟರ್ ಓಡಬೇಕು, ಒಂದು ಕಸರತ್ತು ಮಾಡಬೇಕು. ಹೀಗೆ ಎಂಟು ಸಲ. ಭಾರ ಹೇರಿದ ಗಾಡಿ ತಳ್ಳುವುದು, ಅದನ್ನು ಹಗ್ಗದಿಂದ ಎಳೆಯುವುದು, ಮರಳಿನ ಚೀಲ ಹೊತ್ತು ಮಂಡಿ ಬಗ್ಗಿಸಿ ನಡೆಯುವುದು ಮುಂತಾದವು ಆ ಕಸರತ್ತುಗಳು. ಹೊಲದಲ್ಲಿ ದುಡಿದವರಿಗೆ ಇವು ಹೊಸವೇನಲ್ಲ. ನಮ್ಮ ಮಕ್ಕಳ ಪೊಲೀಸ್ ಪರೀಕ್ಷೆಯೂ ಇದೇ ಜಾತಿಗೆ ಸೇರಿದ್ದು. ವ್ಯತ್ಯಾಸವಿಷ್ಟೇ: ಅಲ್ಲಿ ಸೋತರೆ ಮುಂದಿನ ಸಲ ಮತ್ತೆ ಹೆಸರು ಕೊಡಬಹುದು, ಇಲ್ಲಿ ಸೋತರೆ ಮುಂದಿನ ಅಧಿಸೂಚನೆಗೆ ಕಾಯಬೇಕು, ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಲೂಬಹುದು. ಒಂದು ಬೊಬ್ಬೆ ಅಷ್ಟು ದುಬಾರಿಯಾಗಬಾರದು.

ಗುಳ್ಳೆ ಏಳುವುದು ಹೇಗೆ?

ಉಜ್ಜಿ ಉಜ್ಜಿ ಚರ್ಮ ಸವೆದು ಗುಳ್ಳೆ ಏಳುತ್ತದೆ ಎಂದು ಬಹುತೇಕರು ತಿಳಿದಿದ್ದಾರೆ. ಸವೆದರೆ ತರಚುಗಾಯವಾಗುತ್ತದೆ. ಗುಳ್ಳೆಯ ಕಥೆ ಬೇರೆ. ಒಂದು ಸಣ್ಣ ಪ್ರಯೋಗ ಮಾಡಿ. ಬಲಗೈಯ ತೋರುಬೆರಳನ್ನು ಎಡಗೈಯ ಹಿಂಭಾಗದ ಮೇಲೆ ಒತ್ತಿ ಹಿಡಿಯಿರಿ. ಬೆರಳು ಜಾರದಂತೆ ಅತ್ತಿತ್ತ ಅಲುಗಿಸಿ. ಚರ್ಮ ಬೆರಳಿನ ಜೊತೆ ಹೋಗುತ್ತದೆ, ಒಳಗಿನ ಮೂಳೆ ಇದ್ದಲ್ಲೇ ಇರುತ್ತದೆ, ಅಲ್ಲವೇ? ಬೂಟಿನೊಳಗೆ ನಡೆಯುವುದೂ ಇದೇ. ಒದ್ದೆಯಾದ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಹೆಜ್ಜೆ ಊರಿದಾಗ ಮೂಳೆ ಮುಂದಕ್ಕೆ ಸಾಗುತ್ತದೆ, ಚರ್ಮ ಹಿಂದೆ ಉಳಿಯುತ್ತದೆ.

ದಪ್ಪ ಪುಸ್ತಕದ ಮೇಲಿನ ರಟ್ಟನ್ನು ಪಕ್ಕಕ್ಕೆ ತಳ್ಳಿದರೆ ಒಳಗಿನ ಹಾಳೆಗಳು ಒಂದರ ಮೇಲೊಂದು ಸರಿಯುತ್ತವಲ್ಲ, ಚರ್ಮದ ಪದರಗಳೂ ಹಾಗೆಯೇ ಅಡ್ಡಡ್ಡ ಜಗ್ಗುತ್ತವೆ. ಹೊರಚರ್ಮದ ನಡುವಿನ ಪದರದಲ್ಲಿ ಕೋಶಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಜಗ್ಗಾಟ ನೂರಾರು ಸಲ ನಡೆದಾಗ ಆ ಹಿಡಿತ ಕಳಚಿ ಅಲ್ಲೊಂದು ಬಿರುಕು ಬಿಡುತ್ತದೆ. ಸುತ್ತಲಿನಿಂದ ತಿಳಿನೀರು ಬಂದು ಬಿರುಕನ್ನು ತುಂಬುತ್ತದೆ. ಅದೇ ಗುಳ್ಳೆ. ಅಂಗಾಲಿನ, ಹಿಮ್ಮಡಿಯ ಮೇಲ್ಪದರ ದಪ್ಪ. ಅದು ಸುಲಭವಾಗಿ ಹರಿಯುವುದಿಲ್ಲ. ಆದ್ದರಿಂದಲೇ ನೀರು ಒಳಗೆ ನಿಂತು ಗುಳ್ಳೆಯಾಗುತ್ತದೆ.

ನೂರಾರು ಸಲ ಎಂದೆನಲ್ಲ, ಲೆಕ್ಕ ಹಾಕಿ ನೋಡಿ. ಒಂದು ಹೆಜ್ಜೆಗೆ ಒಂದು ಮೀಟರ್ ಎಂದಿಟ್ಟುಕೊಂಡರೆ 1600 ಮೀಟರ್ ಓಟಕ್ಕೆ 1600 ಹೆಜ್ಜೆ. ಒಂದೊಂದು ಪಾದಕ್ಕೆ 800. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಪಾದದ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಬೀಳುತ್ತದೆ. ದಿನಾ ಮೂರು ನಾಲ್ಕು ಕಿಲೋಮೀಟರ್ ಅಭ್ಯಾಸ ಮಾಡುವವರ ಪಾದ ಎಷ್ಟು ಸಲ ಜಗ್ಗಾಡಿರಬೇಕು!

ಪ್ರೌಢಶಾಲೆಯ ಘರ್ಷಣೆಯ ಪಾಠವನ್ನು ಇಲ್ಲಿ ನೆನೆಯಬೇಕು. ಎರಡು ಮೇಲ್ಮೈಗಳ ನಡುವಿನ ಘರ್ಷಣೆ ಅವುಗಳ ಸ್ವಭಾವವನ್ನು ಅವಲಂಬಿಸಿದೆ. ನೋಟು ಎಣಿಸುವಾಗ, ಪುಟ ತಿರುಗಿಸುವಾಗ ಬೆರಳನ್ನು ಒದ್ದೆ ಮಾಡಿಕೊಳ್ಳುತ್ತೇವೆ. ಏಕೆ? ತುಸು ತೇವವಾದ ಚರ್ಮಕ್ಕೆ ಹಿಡಿತ ಹೆಚ್ಚು. ಚೆನ್ನಾಗಿ ಒಣಗಿದ ಚರ್ಮದ ಮೇಲೆ ಘರ್ಷಣೆ ಕಡಿಮೆ. ನೀರು ಸುರಿಯುವಷ್ಟು ಒದ್ದೆಯಾದರೂ ಕಡಿಮೆ. ನಡುವಿನ ಬೆವರು ಬೆವರಾದ ಸ್ಥಿತಿಯಲ್ಲೇ ಹೆಚ್ಚು. ನಮ್ಮ ಎರಡು ಪಾದಗಳಲ್ಲಿ ಸುಮಾರು ಎರಡೂವರೆ ಲಕ್ಷ ಬೆವರು ಗ್ರಂಥಿಗಳಿವೆ. ಮುಚ್ಚಿದ ಬೂಟಿನೊಳಗೆ ಆ ಬೆವರು ಎಲ್ಲಿಗೆ ಹೋಗಬೇಕು? ಕಾಲುಚೀಲದ ನಿಜವಾದ ಕೆಲಸ ಇಲ್ಲಿ ಶುರುವಾಗುತ್ತದೆ. ಬೆವರನ್ನು ಚರ್ಮದಿಂದ ದೂರ ಒಯ್ಯುವುದು ಒಂದು. ಜಗ್ಗಾಟ ಚರ್ಮದ ಮೇಲೆ ಬೀಳದಂತೆ ತಾನೇ ಜಾರಿ ಅದನ್ನು ನುಂಗುವುದು ಇನ್ನೊಂದು.

ಹತ್ತಿ ಒಳ್ಳೆಯದೇ, ಆದರೆ...

ನಮ್ಮದು ಸೆಕೆಯ ನಾಡು. ಅಂಗಿಯಾಗಲಿ ಪಂಚೆಯಾಗಲಿ ಹತ್ತಿಯದೇ ಹಿತ. ‘ಪ್ಯೂರ್ ಕಾಟನ್’ ಎಂದು ಬರೆದಿದ್ದರೆ ಕಣ್ಣುಮುಚ್ಚಿ ಕೊಳ್ಳುವವರು ನಾವು. ಶಾಲೆಯಲ್ಲಿ ಬೆಂಚಿನ ಮೇಲೆ ಕುಳಿತಿರುವ ಮಗುವಿಗೆ ಹತ್ತಿಯ ಕಾಲುಚೀಲ ಸಾಕು. ಓಡುವ ಕಾಲಿಗೆ ಸಾಲದು. ಕಾರಣ ಸರಳ. ಹತ್ತಿಯ ನಾರಿಗೆ ನೀರೆಂದರೆ ಪ್ರೀತಿ. ಗಾಳಿಯ ಆರ್ದ್ರತೆ ನೂರಕ್ಕೆ 65ರಷ್ಟಿರುವಾಗ 100 ಗ್ರಾಂ ಒಣ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ನೀರು ಹೀರಿಕೊಂಡಿರುತ್ತದೆ. ನೈಲಾನ್ ಸುಮಾರು 4 ಗ್ರಾಂ, ಪಾಲಿಯೆಸ್ಟರ್ ಅರ್ಧ ಗ್ರಾಂಗಿಂತ ಕಡಿಮೆ. ಬೆವರಿನಲ್ಲಿ ನೆನೆದಾಗ ಹತ್ತಿ ಇನ್ನೂ ಬಹಳ ಹೆಚ್ಚು ಕುಡಿಯುತ್ತದೆ, ಕುಡಿದದ್ದನ್ನು ಬೇಗ ಬಿಟ್ಟುಕೊಡುವುದಿಲ್ಲ. ನೆನೆದ ಹತ್ತಿ ಜೋಲುತ್ತದೆ, ಮಡಿಕೆ ಬೀಳುತ್ತದೆ, ಚರ್ಮಕ್ಕೆ ಅಂಟುತ್ತದೆ.

ಹಾಗಾದರೆ ನೀರು ಹೀರದ ಪಾಲಿಯೆಸ್ಟರ್ ಬೆವರನ್ನು ಒಯ್ಯುವುದು ಹೇಗೆ? ದೇವರ ಮುಂದಿನ ದೀಪದ ಬತ್ತಿಯನ್ನು ನೋಡಿ. ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದೆ. ಇದನ್ನು ಕೇಶಾಕರ್ಷಣೆ ಎನ್ನುತ್ತಾರೆ. ಒಳ್ಳೆಯ ಕ್ರೀಡಾ ಕಾಲುಚೀಲದಲ್ಲಿ ನಾರು ನೀರನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ನಾರುಗಳ ನಡುವಿನ ಸಂದುಗಳಲ್ಲಿ ಹರಿಸಿ ಹೊರಮೈಗೆ ಕಳಿಸುತ್ತದೆ. ಅಲ್ಲಿಂದ ಅದು ಆವಿಯಾಗಬೇಕು. ಬೂಟಿನ ಮೇಲ್ಭಾಗ ಜಾಲರಿ ಬಟ್ಟೆಯದಾದರೆ ಆವಿಗೆ ದಾರಿಯುಂಟು. ರೆಕ್ಸಿನ್ ಆದರೆ ಯಾವ ಕಾಲುಚೀಲವೂ ಪವಾಡ ಮಾಡಲಾರದು.

ಉಣ್ಣೆಯ ವಿಚಾರ ವಿಚಿತ್ರ. ಅದು ಹತ್ತಿಗಿಂತ ಹೆಚ್ಚು, 100 ಗ್ರಾಂಗೆ ಸುಮಾರು 16 ಗ್ರಾಂ ತೇವ ಹೀರುತ್ತದೆ. ಆದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಹತ್ತಿಯಂತೆ ಜೋತು ಬೀಳುವುದೂ ಇಲ್ಲ. ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವವರಿಗೆ ಇದನ್ನು ಯಾವ ಪ್ರಯೋಗಾಲಯವೂ ಹೇಳಿಕೊಡಬೇಕಿಲ್ಲ. ಕಂಬಳಿಯ ಉಣ್ಣೆ ಕಾಲುಚೀಲಕ್ಕೆ ಒರಟು. ಮೆರಿನೋ ಎಂಬ ಕುರಿಯ ಸಣ್ಣೆಳೆಯ ಉಣ್ಣೆಯಿಂದ ಓಟಗಾರರ ಕಾಲುಚೀಲ ಮಾಡುತ್ತಾರೆ. ಒಳ್ಳೆಯದೇ, ಆದರೆ ಬೆಲೆ ಹೆಚ್ಚು. ನಮ್ಮ ಮಕ್ಕಳಿಗೆ ಅದು ಅನಿವಾರ್ಯವಲ್ಲ.

ಇದು ಬರೀ ತರ್ಕವಲ್ಲ, ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದಲ್ಲಿ 35 ಮಂದಿ ದೂರದ ಓಟಗಾರರಿಗೆ ಹತ್ತಿಯ ಮತ್ತು ಅಕ್ರಿಲಿಕ್‌ನ ಕಾಲುಚೀಲ ತೊಡಿಸಿ ನಡೆಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ಹತ್ತಿ ತೊಟ್ಟಾಗ ಗುಳ್ಳೆಗಳ ಸಂಖ್ಯೆಯೂ ಗಾತ್ರವೂ ಹೆಚ್ಚಾಗಿದ್ದವು. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಅದೇ ಸಂಶೋಧಕರು 1993ರಲ್ಲಿ ಬೇರೆ ಹೆಣಿಗೆಯ, ಸಾಮಾನ್ಯ ಮೆತ್ತೆಯ ಕಾಲುಚೀಲಗಳಲ್ಲಿ ಪರೀಕ್ಷಿಸಿದಾಗ ಅಕ್ರಿಲಿಕ್‌ನ ಮೇಲುಗೈ ಕಾಣಲಿಲ್ಲ. ಅಂದರೆ ನಾರು ಮಾತ್ರ ಸರಿಯಿದ್ದರೆ ಸಾಲದು. ಹೆಣಿಗೆ, ದಪ್ಪ, ಅಳತೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಮರೀನ್ ಪಡೆಗೆ ಹೊಸದಾಗಿ ಸೇರಿದವರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಉಪಾಯ ತೋರಿಸಿತು: ದಪ್ಪ ಕಾಲುಚೀಲದೊಳಗೆ ತೆಳುವಾದ ಪಾಲಿಯೆಸ್ಟರ್ ಕಾಲುಚೀಲ ತೊಟ್ಟವರಲ್ಲಿ ತೀವ್ರವಾದ ಗುಳ್ಳೆಗಳು ಕಡಿಮೆಯಾದವು. ಎರಡು ಪದರಗಳು ಪರಸ್ಪರ ಜಾರುತ್ತವೆ, ಚರ್ಮ ಬಚಾವಾಗುತ್ತದೆ.

ಮೂರು ಊರು, ಮೂರು ನೆಲ

ನಮ್ಮ ಮೂರು ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಕಾಲಿಗೆ ಸಿಗುವ ನೆಲ ಒಂದೇ ಅಲ್ಲ. ಕಡೂರಿನದು ಬಯಲುಸೀಮೆ. ಬೇಸಿಗೆಯಲ್ಲಿ ಗಾಳಿ, ಧೂಳು, ಸಣ್ಣ ಮರಳು. ಪಾದದ ಗಂಟಿನ ಕೆಳಗೇ ನಿಲ್ಲುವ ಗಿಡ್ಡ ಕಾಲುಚೀಲ ಹಾಕಿದರೆ ಮರಳು ನೇರವಾಗಿ ಒಳಗಿಳಿಯುತ್ತದೆ. ಆಮೇಲೆ ಕಾಲುಚೀಲ ಕಾಲುಚೀಲವಾಗಿ ಉಳಿಯದು, ಉಪ್ಪುಕಾಗದವಾಗುತ್ತದೆ. ಇಲ್ಲಿ ಗಂಟಿನಿಂದ ನಾಲ್ಕು ಬೆರಳು ಮೇಲೆ ಬರುವ, ಒತ್ತಾದ ಹೆಣಿಗೆಯ ಕಾಲುಚೀಲ ವಾಸಿ. ಅಭ್ಯಾಸ ಮುಗಿದ ಮೇಲೆ ಒಳಗನ್ನು ಹೊರಗೆ ಮಾಡಿ ಕೊಡವುವುದನ್ನು ಮರೆಯಬಾರದು.

ತರೀಕೆರೆಯ ಪಶ್ಚಿಮಕ್ಕೆ ಬೆಟ್ಟಗಳು. ಲಕ್ಕವಳ್ಳಿಯ ಕಡೆಗೆ ಹೋದಂತೆ ಮಳೆ ಹೆಚ್ಚು. ಶಾಲಾ ಕ್ರೀಡಾಕೂಟಗಳು ನಡೆಯುವ ಹೊತ್ತಿಗೆ ಮೈದಾನ ಒದ್ದೆಯಾಗಿರುವುದು ಸಾಮಾನ್ಯ. ಇಲ್ಲಿ ದಪ್ಪ ಟವೆಲಿನಂಥ ಕಾಲುಚೀಲ ಬೇಡ. ತೆಳುವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಇನ್ನೊಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟಿರಬೇಕು. ಓಟಕ್ಕೂ ಜಿಗಿತಕ್ಕೂ ನಡುವೆ ಬಿಡುವು ಸಿಕ್ಕರೆ ಕಾಲು ಒರೆಸಿ ಬದಲಾಯಿಸಬಹುದು. ದಿನವಿಡೀ ಒದ್ದೆ ಕಾಲಿನಲ್ಲಿದ್ದರೆ ಬೆರಳ ಸಂದುಗಳಲ್ಲಿ ಬೂಷ್ಟಿನಿಂದ ಹುಣ್ಣಾಗುತ್ತದೆ. ಗದ್ದೆ ಕೆಲಸದವರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ.

ಅಜ್ಜಂಪುರದ ಕಡೆ ಎರೆಮಣ್ಣು. ಮಳೆ ಬಿದ್ದರೆ ಬೂಟಿನ ಅಟ್ಟೆಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಭಾರವಾಗುತ್ತದೆ. ಕಾಲೆತ್ತಿದಾಗ ನೆಲ ಬೂಟನ್ನು ಹಿಡಿದೆಳೆಯುತ್ತದೆ, ಹಿಮ್ಮಡಿ ಬೂಟಿನೊಳಗೆ ಮೇಲಕ್ಕೇಳುತ್ತದೆ. ಅಲ್ಲೇ ಗುಳ್ಳೆ. ಇಲ್ಲಿ ನಾರಿಗಿಂತ ಅಳತೆ ಮುಖ್ಯ: ಹಿಮ್ಮಡಿಯ ಭಾಗದಲ್ಲಿ ಗುಳಿಯಿರುವ, ಬಿಗಿಯಾಗಿ ಕೂರುವ ಕಾಲುಚೀಲ ಬೇಕು. ಬೂಟಿನ ಕೊನೆಯ ತೂತಿನವರೆಗೂ ಲೇಸು ಪೋಣಿಸಿ ಕಟ್ಟಬೇಕು. ಅಮೃತಮಹಲ್ ತಳಿಯ ದನಗಳಿಗೆ ಅಜ್ಜಂಪುರ ಹೆಸರುವಾಸಿ. ಮೈಸೂರು ಸೈನ್ಯದ ಫಿರಂಗಿಗಳನ್ನು ಎಳೆದ ತಳಿ ಅದು. ನಮ್ಮ ಹಿರಿಯರು ಎತ್ತಿಗೆ ಲಾಳ ಕಟ್ಟಿಸುವಾಗ ಗೊರಸಿನ ಅಳತೆಗೆ ಸರಿಯಾಗಿದೆಯೇ ಎಂದು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಮಕ್ಕಳ ಕಾಲಿಗೆ ಮಾತ್ರ ನಾವು ‘ಫ್ರೀ ಸೈಜ್’ ತಂದು ಕೊಡುತ್ತೇವೆ!

ಕೊಳ್ಳುವಾಗ ಏನು ನೋಡಬೇಕು?

ತಂದೆತಾಯಿಗಳು ಮೂರು ಸಾವಿರ ರೂಪಾಯಿಯ ಬೂಟನ್ನು ಹತ್ತು ಸಲ ತಿರುಗಿಸಿ ನೋಡಿ ಕೊಳ್ಳುತ್ತಾರೆ. ಕಾಲುಚೀಲವನ್ನು ಸಂತೆಯಲ್ಲಿ ಮೂರು ಜೊತೆಗೆ ಇಷ್ಟು ಎಂದು ಕೈಗೆ ಸಿಕ್ಕಿದ್ದನ್ನು ತರುತ್ತಾರೆ. ಸಂತೆಯಲ್ಲೇ ಕೊಳ್ಳಿ, ತಪ್ಪಿಲ್ಲ. ಆದರೆ ಐದು ನಿಮಿಷ ಪರೀಕ್ಷೆ ಮಾಡಿ.

ಮೊದಲು ಚೀಟಿ ಓದಿ. ‘ಪಾಲಿಯಮೈಡ್’ ಎಂದರೆ ನೈಲಾನ್. ‘ಎಲಾಸ್ಟೇನ್’ ಅಥವಾ ‘ಸ್ಪ್ಯಾಂಡೆಕ್ಸ್’ ಎಂದರೆ ರಬ್ಬರಿನಂತೆ ಹಿಗ್ಗುವ ನಾರು. ನೂರಕ್ಕೆ ಎರಡು ಮೂರರಷ್ಟಿದ್ದರೂ ಕಾಲುಚೀಲ ಕಾಲನ್ನು ಹಿಡಿದುಕೊಳ್ಳುತ್ತದೆ. ಓಟಕ್ಕಾದರೆ ನೈಲಾನ್, ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಹೆಚ್ಚಿನ ಪಾಲು ಇರಲಿ, ಹತ್ತಿ ಕಡಿಮೆಯಿರಲಿ.

ಎರಡನೆಯದು ಹಿಮ್ಮಡಿ. ನೇರವಾದ ಕೊಳವೆಯಂತಿರುವ ಕಾಲುಚೀಲ ಬೇಡ. ಹಿಮ್ಮಡಿಗೆಂದು ಹೆಣೆದ ಗುಳಿ ಸರಿಯಾಗಿ ಹಿಮ್ಮಡಿಯ ಮೇಲೇ ಕೂರಬೇಕು. ಅದು ಪಾದದ ಗಂಟಿನ ಕಡೆ ಏರಿದರೆ ಕಾಲುಚೀಲ ದೊಡ್ಡದು. ಅಂಗಾಲಿನ ಕಡೆ ಇಳಿದರೆ ಚಿಕ್ಕದು. ‘ಬೆಳೆಯುವ ಹುಡುಗ, ಒಂದು ಸೈಜ್ ದೊಡ್ಡದಿರಲಿ’ ಎಂಬ ಲೆಕ್ಕಾಚಾರ ಅಂಗಿಗೆ ನಡೆಯುತ್ತದೆ, ಕಾಲುಚೀಲಕ್ಕೆ ನಡೆಯದು. ಹೆಚ್ಚುವರಿ ಬಟ್ಟೆ ಬೂಟಿನೊಳಗೆ ಮಡಿಕೆಯಾಗುತ್ತದೆ, ಪ್ರತಿ ಮಡಿಕೆಯೂ ಒಂದು ಗುಳ್ಳೆಗೆ ಜಾಗ.

ಮೂರನೆಯದು ಹೊಲಿಗೆ. ಒಳಗನ್ನು ಹೊರಗೆ ಮಾಡಿ ಬೆರಳುಗಳ ಮುಂದೆ ಬರುವ ಹೊಲಿಗೆಯ ಮೇಲೆ ಕೈಬೆರಳು ಆಡಿಸಿ. ಹಗ್ಗದಂತೆ ಉಬ್ಬಿದ್ದರೆ ಬೇಡ. ಗಾಡಿ ತಳ್ಳುವಾಗ, ಮಂಡಿ ಬಗ್ಗಿಸಿ ನಡೆಯುವಾಗ, ಹಾರಿ ಇಳಿಯುವಾಗ ಇಡೀ ಮೈಭಾರ ಕಾಲ್ಬೆರಳುಗಳ ಮೇಲೆ ಬೀಳುತ್ತದೆ. ಆಗ ಆ ಹೊಲಿಗೆಯೇ ಶತ್ರು.

ನಾಲ್ಕನೆಯದು ದಪ್ಪ. ಕಾಲುಚೀಲ ದಪ್ಪವಾದಷ್ಟೂ ಬೂಟು ಬಿಗಿಯಾಗುತ್ತದೆ. ಆದ್ದರಿಂದ ಬೂಟು ಕೊಳ್ಳಲು ಹೋಗುವಾಗ ಓಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು ಹೋಗಿ. ಸಂಜೆ ಹೋದರೆ ಇನ್ನೂ ಒಳ್ಳೆಯದು. ದಿನವಿಡೀ ನಡೆದ ಪಾದ ತುಸು ಊದಿಕೊಂಡಿರುತ್ತದೆ. ಮೊಣಕಾಲಿನವರೆಗೆ ಬಿಗಿಯುವ ದುಬಾರಿ ಕಾಲುಚೀಲ ತೊಟ್ಟರೆ ವೇಗ ಹೆಚ್ಚುತ್ತದೆ ಎಂಬ ಜಾಹೀರಾತನ್ನು ನಂಬಿ ಹಣ ಸುರಿಯಬೇಡಿ. ಪ್ರಯೋಗಗಳು ಅದನ್ನು ಒಮ್ಮತದಿಂದ ತೋರಿಸಿಲ್ಲ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಒಂದರಿಂದ ಹತ್ತನೆಯ ತರಗತಿಯ ಮಕ್ಕಳಿಗೆ 2015-16ರಿಂದ ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆ ಬಂತು. ಕೊಳ್ಳುವ ಹೊಣೆ ಶಾಲಾಭಿವೃದ್ಧಿ ಸಮಿತಿಯದು, ಸಮಿತಿಯಲ್ಲಿರುವವರು ಪೋಷಕರೇ. ಮಾದರಿ ತರಿಸಿ ನೋಡುವ ದಿನ ಬೂಟಿನ ಅಟ್ಟೆಯ ಜೊತೆಗೆ ಕಾಲುಚೀಲದ ಹಿಮ್ಮಡಿಯನ್ನೂ ಹೊಲಿಗೆಯನ್ನೂ ನೋಡಿದರೆ ನೂರಾರು ಕಾಲುಗಳಿಗೆ ಉಪಕಾರವಾಗುತ್ತದೆ.

ಪರೀಕ್ಷೆಯ ದಿನ ಹೊಸದು ಬೇಡ

ವಿದ್ಯಾರ್ಥಿಗಳೇ, ಈ ಮಾತು ನಿಮಗೆ. ದೈಹಿಕ ಪರೀಕ್ಷೆಗೋ ಜಿಲ್ಲಾ ಮಟ್ಟದ ಓಟಕ್ಕೋ ಹೋಗುವಾಗ ಮನೆಯವರು ಪ್ರೀತಿಯಿಂದ ಹೊಸ ಬೂಟು, ಹೊಸ ಕಾಲುಚೀಲ ಕೊಡಿಸುತ್ತಾರೆ. ಒಂದು ತಿಂಗಳು ಮೊದಲೇ ಕೊಡಿಸಿ ಎಂದು ಕೇಳಿ. ಆರೆಂಟು ಸಲ ಅದರಲ್ಲೇ ಓಡಿ, ಹಾರಿ, ಭಾರ ಎತ್ತಿ ನೋಡಿ. ಎಲ್ಲಿ ಕೆಂಪಾಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಆ ಜಾಗಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಕಾಗದದ ಅಂಟುಪಟ್ಟಿಯನ್ನು, ಅಂದರೆ ಮೈಕ್ರೋಪೋರ್ ಟೇಪನ್ನು, ಓಟಕ್ಕೆ ಮೊದಲು ಅಂಟಿಸಿಕೊಳ್ಳಬಹುದು. ಅತಿ ದೂರದ ಓಟಗಾರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಅಗ್ಗದ ಪಟ್ಟಿ ಗುಳ್ಳೆಗಳನ್ನು ನೂರಕ್ಕೆ ಸುಮಾರು 40ರಷ್ಟು ತಗ್ಗಿಸಿತು.

ಬರಿಗಾಲಿನಲ್ಲೇ ಓಡಿ ಬೆಳೆದವರು ನಾಚಿಕೆಪಡಬೇಕಿಲ್ಲ. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಗೆದ್ದದ್ದು ಬರಿಗಾಲಿನಲ್ಲಿ; 1964ರಲ್ಲಿ ಟೋಕಿಯೊದಲ್ಲಿ ಗೆದ್ದದ್ದು ಬೂಟು ತೊಟ್ಟು. ಆದರೆ ಬರಿಗಾಲಿನ ಅಭ್ಯಾಸದವರು ಪರೀಕ್ಷೆಯ ದಿನ ಇದ್ದಕ್ಕಿದ್ದಂತೆ ಬೂಟು ತೊಡುವುದು, ಬೂಟಿನ ಅಭ್ಯಾಸದವರು ಇದ್ದಕ್ಕಿದ್ದಂತೆ ಬಿಚ್ಚುವುದು, ಎರಡೂ ಅಪಾಯ.

ಗುಳ್ಳೆ ಎದ್ದೇಬಿಟ್ಟರೆ ಪಿನ್ನಿನಿಂದ ಚುಚ್ಚಬೇಡಿ. ಮೇಲಿನ ಚರ್ಮವೇ ಸೋಂಕಿಗೆ ತಡೆ. ತೊಳೆದು, ಒರೆಸಿ, ಮೆತ್ತಗಿನ ಪಟ್ಟಿ ಹಾಕಿ ಎರಡು ದಿನ ಓಟಕ್ಕೆ ರಜ ಕೊಡಿ. ಕೆಂಪಗಾಗಿ ಹರಡಿದರೆ, ಕೀವಾದರೆ ವೈದ್ಯರ ಬಳಿ ಹೋಗಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಬೆಳಗಿನ ನಡಿಗೆಗೆ ಹೋಗುವುದಾದರೆ ಅವರ ಕಾಲುಚೀಲವನ್ನೂ ಒಮ್ಮೆ ನೋಡಿ. ಸ್ಪರ್ಶಜ್ಞಾನ ಕಡಿಮೆಯಾದ ಕಾಲಿಗೆ ಗುಳ್ಳೆ ಎದ್ದದ್ದೇ ತಿಳಿಯದು.

ಕೊನೆಗೊಂದು ಮನೆಗೆಲಸ. ಹತ್ತಿಯದೊಂದು, ಪಾಲಿಯೆಸ್ಟರಿನದೊಂದು ಕಾಲುಚೀಲ ತೆಗೆದುಕೊಳ್ಳಿ. ಗಾತ್ರ ಹೆಚ್ಚುಕಡಿಮೆ ಒಂದೇ ಇರಲಿ. ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಒಣಗಿದಾಗ ತೂಗಿ. ನೀರಿನಲ್ಲಿ ಅದ್ದಿ, ಒಂದೇ ರೀತಿ ಹಿಂಡಿ, ಮತ್ತೆ ತೂಗಿ. ನೆರಳಿನಲ್ಲಿ ಒಣಹಾಕಿ ಅರ್ಧ ಗಂಟೆಗೊಮ್ಮೆ ತೂಗಿ ಬರೆದಿಡಿ. ನಕ್ಷೆ ಕಾಗದದ ಮೇಲೆ ಎರಡು ಗೆರೆ ಎಳೆಯಿರಿ. ಯಾವ ಗೆರೆ ಬೇಗ ಇಳಿಯುತ್ತದೋ ಆ ಕಾಲುಚೀಲವನ್ನು ಓಟದ ಚೀಲಕ್ಕೆ ಹಾಕಿ. ಇನ್ನೊಂದನ್ನು ತರಗತಿಗೆ ತೊಟ್ಟುಕೊಂಡು ಹೋಗಿ.